ಮೋಟಾರ್‌ಸೈಕಲ್‌ಗೆ ಬೇರೆ ಫುಟ್‌ಪೆಗ್ ಕೂರಿಸುವುದು: ಅಳತೆಯಿಂದ ಪೆಡಲ್ ಹೊಂದಾಣಿಕೆಯವರೆಗೆ

ಕಂಪನಿ ಕೊಟ್ಟ ಫುಟ್‌ಪೆಗ್ (ಸವಾರ ಕಾಲಿಡುವ ಮಡಚುವ ಮೆಟ್ಟು) ತೆಗೆದು ಬೇರೆಯದನ್ನು ತಾವೇ ಕೂರಿಸಿಕೊಂಡವರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಪೆಗ್‌ನ ತುದಿ ಕೆಳಕ್ಕೆ ಜೋತುಬಿದ್ದಿದೆ, ಮಡಚಿದ್ದು ತಾನಾಗಿ ಹಿಂದಿರುಗುತ್ತಿಲ್ಲ, ಗೇರ್ ಏರಿಸಲು ಬೂಟಿನ ಮೂತಿ ಲಿವರ್‌ನ ಅಡಿಗೆ ಹೋಗುತ್ತಿಲ್ಲ, ಹಿಂದಿನ ಬ್ರೇಕ್ ಕಾದು ವಾಸನೆ ಬರುತ್ತಿದೆ. ಪೆಗ್ ಕಳಪೆಯಾಗಿದ್ದು ಹೀಗಾಗುವುದು ಅಪರೂಪ. ಹೆಚ್ಚಿನ ಸಲ ಕೆಲಸದ ಕ್ರಮವೇ ತಪ್ಪಿರುತ್ತದೆ. ಸ್ಪ್ರಿಂಗ್ ಹಾಕುವ ಮೊದಲು ನೋಡಬೇಕಾದ್ದನ್ನು ಹಾಕಿದ ಮೇಲೆ ನೋಡುತ್ತಾರೆ, ಪೆಡಲ್ ಹೊಂದಿಸುವ ಕೆಲಸವನ್ನು ನಾಳೆಗೆ ಬಿಟ್ಟು ಇಂದೇ ಗಾಡಿ ಓಡಿಸುತ್ತಾರೆ. ಪಿನ್ ಒಳಗೆ ಹೋಯಿತೆಂದರೆ ಕೆಲಸ ಮುಗಿಯಿತು ಎಂಬ ಭಾವನೆಯನ್ನು ಮೊದಲು ಬಿಡಬೇಕು. ಅಲ್ಲಿಗೆ ಕೆಲಸ ಅರ್ಧವಾಗಿರುತ್ತದೆ, ಅಷ್ಟೆ.

ಮುಂದಿನ ವಿವರಣೆಗೆ ಬೇಕಾಗುವ ಭಾಗಗಳು ಕೆಲವೇ. ಚೌಕಟ್ಟಿಗೆ ಬೋಲ್ಟ್ ಮಾಡಿದ ಅಥವಾ ಬೆಸೆದ ಬ್ರ್ಯಾಕೆಟ್‌ಗೆ ಎರಡು ಕಿವಿಗಳಿರುತ್ತವೆ. ಅವುಗಳ ನಡುವೆ ಪೆಗ್‌ನ ನಾಲಗೆ ಕೂರುತ್ತದೆ, ಮೂರರ ಮೂಲಕವೂ ಪಿನ್ ಹಾದುಹೋಗುತ್ತದೆ. ಪಿನ್‌ನ ಕೊನೆಯಲ್ಲಿ ವಾಷರ್ ಮತ್ತು, ಪಿನ್ ಜಾರದಂತೆ ತಡೆಯಲು, ಸ್ಪ್ಲಿಟ್ ಪಿನ್ (ತೂರಿಸಿ ಕಾಲು ಬಗ್ಗಿಸುವ ಜೋಡಿ ತಂತಿ) ಅಥವಾ ಇ-ಕ್ಲಿಪ್ (ತೋಡಿಗೆ ಸಿಕ್ಕಿಸುವ ಇ ಆಕಾರದ ಬಳೆ) ಇರುತ್ತದೆ. ಮಡಚಿದ ಪೆಗ್ಗನ್ನು ಹಿಂದಕ್ಕೆ ತರುವುದು ಸುರುಳಿ ಸ್ಪ್ರಿಂಗ್. ಪೆಗ್‌ನ ಬುಡದಲ್ಲಿ, ಪಿನ್‌ಗಿಂತ ಕೆಳಗೆ, ಬ್ರ್ಯಾಕೆಟ್‌ಗೆ ಆನಿಕೊಳ್ಳುವ ಒಂದು ಸಪಾಟು ಜಾಗವಿರುತ್ತದೆ. ಇದನ್ನು ಈ ಲೇಖನದಲ್ಲಿ ಸ್ಟಾಪರ್ ಮುಖ ಎಂದು ಕರೆಯಲಾಗಿದೆ. ಸವಾರನ ಭಾರವನ್ನು ನಿಜವಾಗಿ ಹೊರುವುದು ಪಿನ್ ಮತ್ತು ಈ ಮುಖ, ಎರಡೂ ಸೇರಿ.

## ಹಂತ 1: ಕೊಳ್ಳುವ ಮೊದಲು ಅಳೆಯುವುದು

ಮಾರುಕಟ್ಟೆಯ ಪೆಗ್‌ಗಳಲ್ಲಿ ಮೂರು ಬಗೆಗಳಿವೆ. ನಿರ್ದಿಷ್ಟ ಮಾದರಿಗೆಂದೇ ಮಾಡಿದವು ಹಳೆಯ ಬ್ರ್ಯಾಕೆಟ್‌ನಲ್ಲೇ ಕೂರುತ್ತವೆ. ಎಲ್ಲ ಗಾಡಿಗೂ ಒಂದೇ ಪೆಗ್ ಮತ್ತು ಗಾಡಿಗೊಂದು ಅಡಾಪ್ಟರ್ ಎಂಬ ಬಗೆಯಲ್ಲಿ ಜೋಡಣೆಯ ಬಿಂದುಗಳು ಹೆಚ್ಚು, ಹಾಗಾಗಿ ಸಡಿಲವಾಗುವ ಸಾಧ್ಯತೆಯೂ ಹೆಚ್ಚು. ಮೂರನೆಯದು ಬ್ರ್ಯಾಕೆಟ್ಟನ್ನೇ ಬದಲಿಸಿ ಪೆಗ್‌ನ ಸ್ಥಾನವನ್ನು ಕೆಳಗೆ, ಹಿಂದೆ ಅಥವಾ ಮೇಲಕ್ಕೆ ಸರಿಸುವ ಬಗೆ. ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರು ಮೊದಲನೆಯ ಬಗೆಯಿಂದ ಆರಂಭಿಸುವುದೇ ಒಳ್ಳೆಯದು.

‘ನಿಮ್ಮ ಗಾಡಿಗೆ ಹೊಂದುತ್ತದೆ’ ಎಂಬ ಪಟ್ಟಿಯನ್ನು ನಂಬಿ ಕೂರಬೇಡಿ. ಒಂದೇ ಹೆಸರಿನ ಗಾಡಿಯಲ್ಲಿ ತಯಾರಿಕೆಯ ವರ್ಷ ಬದಲಾದಾಗ ಬ್ರ್ಯಾಕೆಟ್ ಕೂಡ ಬದಲಾಗಿರಬಹುದು. ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕು ಅಳತೆಗಳನ್ನು ಬರೆದುಕೊಳ್ಳಿ: ಪಿನ್‌ನ ವ್ಯಾಸ, ಬ್ರ್ಯಾಕೆಟ್‌ನ ಕಿವಿಗಳ ನಡುವಿನ ಅಂತರ, ಪೆಗ್‌ನ ನಾಲಗೆಯ ದಪ್ಪ, ಪಿನ್ ರಂಧ್ರದ ನಡುವಿನಿಂದ ಸ್ಟಾಪರ್ ಮುಖದವರೆಗಿನ ದೂರ. ಪಿನ್ ವ್ಯಾಸ ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಇರುತ್ತದೆ. ಎಡ ಮತ್ತು ಬಲ ಎರಡನ್ನೂ ಅಳೆಯಬೇಕು, ಏಕೆಂದರೆ ಸೈಡ್ ಸ್ಟ್ಯಾಂಡ್‌ಗೆ ಜಾಗ ಬಿಡಲು ಎಡಗಡೆಯ ಬ್ರ್ಯಾಕೆಟ್ಟನ್ನು ಬೇರೆಯೇ ಆಕಾರದಲ್ಲಿ ಮಾಡಿರುವುದುಂಟು.

ಅಗಲವಾದ ಪೆಗ್ ಆಯ್ದುಕೊಂಡಿದ್ದರೆ ಅದರ ಸುತ್ತಲಿನ ಜಾಗವನ್ನೂ ನೋಡಿ. ರಟ್ಟಿನಲ್ಲಿ ಹೊಸ ಪೆಗ್‌ನ ಉದ್ದ ಅಗಲಕ್ಕೆ ಸರಿಯಾಗಿ ಒಂದು ತುಂಡು ಕತ್ತರಿಸಿ, ಹಳೆಯ ಪೆಗ್‌ನ ಮೇಲೆ ಅಂಟಿಸಿ, ಕಿಕ್ ಲಿವರನ್ನು ಕೊನೆಯವರೆಗೆ ತುಳಿಯಿರಿ, ಸೈಡ್ ಸ್ಟ್ಯಾಂಡನ್ನು ಎತ್ತಿ ಇಳಿಸಿ, ಬ್ರೇಕ್ ಪೆಡಲ್ ಒತ್ತಿ. ರಟ್ಟು ಎಲ್ಲಿ ಮಡಚಿಕೊಳ್ಳುತ್ತದೋ ಅಲ್ಲಿ ನಾಳೆ ಲೋಹಕ್ಕೆ ಲೋಹ ತಗಲುತ್ತದೆ. ಈ ಹತ್ತು ನಿಮಿಷದ ಪರೀಕ್ಷೆಯನ್ನು ಬಹುತೇಕ ಯಾರೂ ಮಾಡುವುದಿಲ್ಲ.

ಲೋಹದ ವಿಷಯದಲ್ಲಿ ಒಂದು ಮಾತು. ಉಕ್ಕಿನ ಪೆಗ್ ಬಿದ್ದಾಗ ಸಾಮಾನ್ಯವಾಗಿ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಎರಕ ಹೊಯ್ದ ಅಲ್ಯೂಮಿನಿಯಂ ಹೆಚ್ಚು ಬಾಗದೆ ಮುರಿಯುವ ಸ್ವಭಾವದ್ದು. ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಕಡೆದು ಮಾಡಿದ 6061-ಟಿ6 ಅಥವಾ 7075-ಟಿ6 ದರ್ಜೆಯವು ಇದಕ್ಕಿಂತ ಎಷ್ಟೋ ಮೇಲು. ಯಾವ ಲೋಹವೆಂದು ಮಾರುವವರೇ ಹೇಳಲಾಗದ ಪೆಗ್ ಮೇಲೆ ನಿಂತು ಸವಾರಿ ಮಾಡುವ ಆಲೋಚನೆ ಬೇಡ.

## ಹಂತ 2: ಉಪಕರಣಗಳನ್ನು ಕೂಡಿಸಿಕೊಳ್ಳುವುದು

ಚೂಪು ಮೂತಿಯ ಇಕ್ಕಳ, ಸಾಕೆಟ್ ಮತ್ತು ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್ (ಬಿಗಿಯುವ ಬಲವನ್ನು ಅಳೆದು ತೋರಿಸುವ ಸ್ಪ್ಯಾನರ್), ಪಿನ್ ಪಂಚ್, ರಬ್ಬರ್ ಸುತ್ತಿಗೆ, ವರ್ನಿಯರ್, ನಯವಾದ ಹಲ್ಲಿನ ಚಪ್ಪಟೆ ಅರ, ಶಾಶ್ವತ ಮಸಿಯ ಮಾರ್ಕರ್, ತುಕ್ಕು ಬಿಡಿಸುವ ಎಣ್ಣೆ, ನೀರಿಗೆ ಕರಗದ ಗ್ರೀಸ್, ಮಧ್ಯಮ ಬಲದ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು), ಹಳೆ ಬಟ್ಟೆ, ಕಣ್ಣಿಗೆ ಕನ್ನಡಕ. ಇವುಗಳ ಜೊತೆಗೆ ಹೊಸ ಸ್ಪ್ಲಿಟ್ ಪಿನ್‌ಗಳು ಬೇಕೇ ಬೇಕು. ಒಮ್ಮೆ ಬಿಡಿಸಿ ನೆಟ್ಟಗೆ ಮಾಡಿದ ಸ್ಪ್ಲಿಟ್ ಪಿನ್ ಬಾಗಿದ ಜಾಗದಲ್ಲಿ ಆಗಲೇ ದಣಿದಿರುತ್ತದೆ. ಅದನ್ನು ಮತ್ತೆ ಬಳಸಬಾರದು.

ಮಾಮೂಲಿ ಸಲಕರಣೆಯ ಪಟ್ಟಿಯಲ್ಲಿ ಇರದ ಒಂದು ವಸ್ತುವೂ ಬೇಕು. ಪಿನ್‌ಗಿಂತ ಕೂದಲೆಳೆಯಷ್ಟು ತೆಳ್ಳಗಿರುವ, ಪೆಗ್‌ನ ನಾಲಗೆಯ ದಪ್ಪಕ್ಕಿಂತ ಉದ್ದವಾಗಿರದ ಉಕ್ಕಿನ ಕಡ್ಡಿ. 8 ಮಿ.ಮೀ. ಪಿನ್‌ಗೆ 7.5 ಮಿ.ಮೀ. ಕಡ್ಡಿ ಸಾಕು. ಒಂದು ತುದಿಯನ್ನು ಅರದಿಂದ ಉಜ್ಜಿ ಸ್ವಲ್ಪ ಮೊನಚು ಮಾಡಿಟ್ಟುಕೊಳ್ಳಿ. ಇದರ ಉಪಯೋಗ ಸ್ಪ್ರಿಂಗ್ ಹಾಕುವಾಗ ಗೊತ್ತಾಗುತ್ತದೆ.

## ಹಂತ 3: ಹಳೆಯದನ್ನು ಬಿಚ್ಚುವುದು

ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಾಕ್ ಸ್ಟ್ಯಾಂಡ್ (ಚಕ್ರ ಎತ್ತಿ ಹಿಡಿಯುವ ಬೇರೆ ಸ್ಟ್ಯಾಂಡ್) ಮೇಲೆ ನೆಟ್ಟಗೆ ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಮೇಲೆ ಓರೆಯಾಗಿ ನಿಂತ ಗಾಡಿಯಲ್ಲಿ ಪೆಗ್ ಸಮತಟ್ಟಾಗಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಎಂಜಿನ್ ಮತ್ತು ಸೈಲೆನ್ಸರ್ ತಣ್ಣಗಾಗಿರಲಿ.

ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ಸ್ಪ್ರಿಂಗ್‌ನ ಯಾವ ಕಾಲು ಎಲ್ಲಿ ಆನಿಕೊಂಡಿತ್ತು, ಪಿನ್‌ನ ತಲೆ ಯಾವ ಕಡೆಗಿತ್ತು, ವಾಷರ್ ಎಷ್ಟಿದ್ದವು ಎಂಬ ಪ್ರಶ್ನೆಗಳಿಗೆ ಬಿಚ್ಚದ ಬದಿಯೇ ಉತ್ತರ. ಆದರೆ ಅದು ಕನ್ನಡಿಯ ಪ್ರತಿಬಿಂಬದಂತೆ ಎಡಬಲ ಅದಲುಬದಲಾಗಿರುತ್ತದೆ ಎಂಬುದನ್ನು ಮರೆಯಬೇಡಿ, ಮತ್ತು ಬಿಚ್ಚುವ ಮೊದಲು ಮೇಲಿನಿಂದ, ಕೆಳಗಿನಿಂದ, ಹಿಂದಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ತುಕ್ಕು ಹಿಡಿದ ಪಿನ್‌ಗೆ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಸ್ಪ್ಲಿಟ್ ಪಿನ್‌ನ ಕಾಲುಗಳನ್ನು ನೆಟ್ಟಗೆ ಮಾಡಿ ಇಕ್ಕಳದಿಂದ ಎಳೆಯಿರಿ. ಇ-ಕ್ಲಿಪ್ ಆದರೆ ಮೇಲೆ ಬಟ್ಟೆ ಮುಚ್ಚಿ ತೆಗೆಯಿರಿ, ಇಲ್ಲವಾದರೆ ಅದು ಹಾರಿ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಆಮೇಲೆ ಪಂಚ್ ಇಟ್ಟು ಪಿನ್ನನ್ನು ಮೆಲ್ಲಗೆ ತಟ್ಟಿ ಹೊರಗೆ ತನ್ನಿ. ಬ್ರ್ಯಾಕೆಟ್ ಅಲ್ಯೂಮಿನಿಯಂನದಾಗಿದ್ದರೆ ಇನ್ನೊಂದು ಕಡೆಯ ಕಿವಿಗೆ ಮರದ ತುಂಡಿನ ಆಧಾರ ಕೊಟ್ಟೇ ಹೊಡೆಯಬೇಕು. ಆಧಾರವಿಲ್ಲದ ಕಿವಿ ಒಂದೇ ಏಟಿಗೆ ಬಿರುಕು ಬಿಡಬಹುದು. ಪಿನ್ ಹೊರಬಂದ ಕ್ಷಣದಲ್ಲಿ ಸ್ಪ್ರಿಂಗ್ ಚಿಮ್ಮುವುದರಿಂದ ಇನ್ನೊಂದು ಕೈಯಲ್ಲಿ ಪೆಗ್ಗನ್ನು ಬಟ್ಟೆ ಸಮೇತ ಒತ್ತಿ ಹಿಡಿದಿರಿ.

ಹೊರಗೆ ಬಂದ ಪಿನ್ನನ್ನು ಒರೆಸಿ, ಸವೆಯದ ತುದಿಯಲ್ಲೊಮ್ಮೆ, ನಡುವಿನಲ್ಲೊಮ್ಮೆ ಅಳೆಯಿರಿ. ನಡುವೆ 0.2 ಮಿ.ಮೀ.ಗಿಂತ ಹೆಚ್ಚು ಸವೆದಿದ್ದರೆ ಅಥವಾ ಬೆರಳಿಗೆ ಮೆಟ್ಟಿಲು ತಗಲಿದಂತಾದರೆ ಹೊಸ ಪಿನ್ ಹಾಕಿ. ಬ್ರ್ಯಾಕೆಟ್‌ನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಎಂಥ ಪೆಗ್ ಹಾಕಿದರೂ ಅದು ಜೋಲುತ್ತದೆ. ಮೊದಲು ಬ್ರ್ಯಾಕೆಟ್ ಬದಲಿಸಿ, ಅಥವಾ ಲೇತ್ ಕೆಲಸದವರಲ್ಲಿ ರಂಧ್ರ ದೊಡ್ಡದು ಮಾಡಿಸಿ ಬುಷ್ (ರಂಧ್ರದೊಳಗೆ ಕೂರುವ ಲೋಹದ ಕೊಳವೆ) ಕೂರಿಸಿಕೊಳ್ಳಿ.

## ಹಂತ 4: ಬ್ರ್ಯಾಕೆಟ್ ಬದಲಿಸುವುದಿದ್ದರೆ

ಹಳೆಯ ಬ್ರ್ಯಾಕೆಟ್‌ನಲ್ಲೇ ಪೆಗ್ ಕೂರಿಸುವವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು.

ಪೆಗ್ಗನ್ನು ಕೆಳಗೆ ಇಳಿಸಿದರೆ ಮಂಡಿಗೆ ಆರಾಮ, ಆದರೆ ತಿರುವಿನಲ್ಲಿ ನೆಲ ಬೇಗ ತಗಲುತ್ತದೆ. ಸರಳ ಲೆಕ್ಕವೊಂದನ್ನು ನೋಡಿ. ಗಾಡಿಯ ನಡುಗೆರೆಯಿಂದ ಪೆಗ್‌ನ ತುದಿ 350 ಮಿ.ಮೀ. ದೂರದಲ್ಲಿ, ನೆಲದಿಂದ 300 ಮಿ.ಮೀ. ಎತ್ತರದಲ್ಲಿ ಇದೆಯೆನ್ನಿ. ಟೈರಿನ ಅಗಲ ಮತ್ತು ಸಸ್ಪೆನ್ಷನ್ ಕುಸಿಯುವುದನ್ನು ಬಿಟ್ಟು ಲೆಕ್ಕ ಹಾಕಿದರೆ ಗಾಡಿ ಸುಮಾರು 40 ಡಿಗ್ರಿ ವಾಲಿದಾಗ ತುದಿ ನೆಲಕ್ಕೆ ತಗಲುತ್ತದೆ. 25 ಮಿ.ಮೀ. ಇಳಿಸಿದರೆ ಅದು 38 ಡಿಗ್ರಿಗೇ ತಗಲುತ್ತದೆ. ಜೊತೆಗೆ ಹೊಸ ಪೆಗ್ 15 ಮಿ.ಮೀ. ಉದ್ದವೂ ಆಗಿದ್ದರೆ ಇನ್ನೂ ಒಂದು ಡಿಗ್ರಿಗಿಂತ ಹೆಚ್ಚು ಹೋಯಿತು. ವೇಗವಾಗಿ ತಿರುವು ತೆಗೆದುಕೊಳ್ಳುವವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಪೆಗ್ ಹೊರಗೆ ಅಥವಾ ಕೆಳಗೆ ಸರಿದಷ್ಟೂ ಬ್ರ್ಯಾಕೆಟ್‌ನ ಬೋಲ್ಟ್‌ಗಳ ಮೇಲೆ ಹಾರೆಯಲ್ಲಿ ಮೀಟಿದಂತೆ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಕಂಪನಿಯ ಬೋಲ್ಟ್‌ನ ತಲೆಯ ಮೇಲೆ ಬಲದ ದರ್ಜೆ 10.9 ಎಂದಿದ್ದರೆ ಅದೇ ದರ್ಜೆಯದನ್ನೇ ಹಾಕಬೇಕು. ಹೊಳೆಯುತ್ತದೆಂದು ಎ2-70 ಸ್ಟೇನ್‌ಲೆಸ್ ಬೋಲ್ಟ್ ಹಾಕುವುದು ಬಹಳ ಸಾಮಾನ್ಯ ತಪ್ಪು. 10.9 ದರ್ಜೆಯ ಕರ್ಷಣ ಬಲ 1000 ಮೆಗಾಪ್ಯಾಸ್ಕಲ್ ಆದರೆ ಎ2-70ದ್ದು 700 ಮಾತ್ರ. ಬ್ರ್ಯಾಕೆಟ್ ದಪ್ಪವಾದಷ್ಟು ಬೋಲ್ಟ್ ಕೂಡ ಉದ್ದವಾಗಬೇಕು: ಉಕ್ಕಿನ ರಂಧ್ರದಲ್ಲಿ ಬೋಲ್ಟ್ ವ್ಯಾಸದಷ್ಟಾದರೂ, ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆ ಪಟ್ಟಾದರೂ ಥ್ರೆಡ್ ಹಿಡಿದಿರಬೇಕು.

ಬೋಲ್ಟ್ ಮತ್ತು ರಂಧ್ರದ ಎಣ್ಣೆ ಜಿಡ್ಡನ್ನು ಪೂರ್ತಿ ತೆಗೆದು, ಥ್ರೆಡ್‌ಲಾಕರ್ ಹನಿಸಿ, ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಗಾಡಿಯ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಅದು ಸಿಗದಿದ್ದರೆ 8.8 ದರ್ಜೆಯ ಎಂ8 (8 ಮಿ.ಮೀ. ವ್ಯಾಸದ) ಬೋಲ್ಟ್‌ಗೆ ಸುಮಾರು 25, ಎಂ10ಕ್ಕೆ ಸುಮಾರು 45 ನ್ಯೂಟನ್ ಮೀಟರ್ ಎಂಬುದು ವಾಡಿಕೆಯ ಅಂದಾಜು. ಒಣ ಥ್ರೆಡ್‌ಗೆ ಹೇಳಿದ ಟಾರ್ಕನ್ನು ಗ್ರೀಸ್ ಹಚ್ಚಿದ ಬೋಲ್ಟ್‌ಗೆ ಕೊಟ್ಟರೆ ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುವುದು ಹೀಗೆಯೇ.

## ಹಂತ 5: ಸ್ಪ್ರಿಂಗ್ ಇಲ್ಲದೆ ಕೂರಿಸಿ ನೋಡುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಪೆಗ್ ಮತ್ತು ಪಿನ್ ಮಾತ್ರ ಹಾಕಿ. ಸ್ಪ್ರಿಂಗ್ ಬೇಡ, ಗ್ರೀಸ್ ಬೇಡ, ಸ್ಪ್ಲಿಟ್ ಪಿನ್ ಕೂಡ ಬೇಡ.

ಪೆಗ್ಗನ್ನು ಬೆರಳಲ್ಲಿ ಎತ್ತಿ ಬಿಟ್ಟರೆ ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಕಿವಿಗಳ ಒಳಬದಿಯಲ್ಲಿ ಬಣ್ಣದ ಪದರವೋ ಎರಕದ ಚಿಕ್ಕ ಉಬ್ಬೋ ಉಳಿದಿರುತ್ತದೆ. ಅದನ್ನು ಕೆರೆದು ತೆಗೆಯಿರಿ. ಸ್ಪ್ರಿಂಗ್‌ನ ಬಲ ಈ ಬಿಗಿತವನ್ನು ಸರಿಮಾಡುತ್ತದೆ ಎಂದು ನಂಬಿ ಮುಂದೆ ಹೋದವರ ಪೆಗ್ ಮೊದಲ ಮಳೆಯ ಕೆಸರಿಗೇ ಮಡಚಿದಲ್ಲಿ ನಿಂತುಬಿಡುತ್ತದೆ. ಇದಕ್ಕೆ ವಿರುದ್ಧವಾಗಿ ನಾಲಗೆ ಕಿವಿಗಳ ನಡುವೆ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ಅಲುಗಾಡುತ್ತಿದ್ದರೆ ತೆಳು ವಾಷರ್ ಸೇರಿಸಿ ಸರಿಪಡಿಸಿ. ವೈಸ್‌ನಲ್ಲಿ ಒತ್ತಿ ಕಿವಿಗಳನ್ನು ಹತ್ತಿರ ತರುವ ಸಾಹಸ ಬೇಡ.

ಈಗ ಪೆಗ್ಗನ್ನು ಕೆಳಕ್ಕೆ ಒತ್ತಿ ಹಿಡಿದು, ಗಾಡಿಯ ಹಿಂದೆ ಕುಳಿತು ಎರಡೂ ಬದಿಯನ್ನು ನೋಡಿ. ಪೆಗ್ ಸಮತಟ್ಟಾಗಿ ಅಥವಾ ತುದಿ ಒಂದೆರಡು ಡಿಗ್ರಿ ಮೇಲಕ್ಕಿರಬೇಕು. ತುದಿ ಈಗಲೇ ಕೆಳಗಿದ್ದರೆ ಭಾರ ಬಿದ್ದಾಗ ಇನ್ನೂ ಇಳಿಯುತ್ತದೆ, ಒದ್ದೆ ಬೂಟು ಹೊರಕ್ಕೆ ಜಾರುತ್ತದೆ.

ಕೊನೆಯದಾಗಿ ಮಸಿಯ ಪರೀಕ್ಷೆ. ಪೆಗ್ ತೆಗೆದು ಅದರ ಸ್ಟಾಪರ್ ಮುಖಕ್ಕೆ ಪೂರ್ತಿ ಮಾರ್ಕರ್ ಬಳಿದು, ಮತ್ತೆ ಕೂರಿಸಿ, ತುದಿಯನ್ನು ನಾಲ್ಕಾರು ಸಲ ಜೋರಾಗಿ ಅದುಮಿ, ಹೊರತೆಗೆದು ನೋಡಿ. ಮಸಿ ಉಜ್ಜಿಹೋದ ಜಾಗವೇ ನಿಜವಾಗಿ ಆನಿಕೊಳ್ಳುತ್ತಿರುವ ಜಾಗ. ಮುಖದ ಬಹುಪಾಲು ಉಜ್ಜಿಹೋಗಿದ್ದರೆ ಸರಿ. ಒಂದು ಮೂಲೆಯಲ್ಲಿ ಮಾತ್ರ ಹೊಳೆಯುವ ಚುಕ್ಕೆ ಕಂಡರೆ ಅಲ್ಲಿ ಕೆಲಸವಿದೆ. ಏಕೆಂದರೆ 80 ಕಿಲೋ ಭಾರ ಪಿನ್‌ನಿಂದ 60 ಮಿ.ಮೀ. ಹೊರಗೆ ಬಿದ್ದಾಗ, ಪಿನ್‌ಗಿಂತ 15 ಮಿ.ಮೀ. ಕೆಳಗಿರುವ ಸ್ಟಾಪರ್ ಮುಖಕ್ಕೆ ಅದರ ನಾಲ್ಕು ಪಟ್ಟು, ಅಂದರೆ 320 ಕಿಲೋದಷ್ಟು ಒತ್ತಡ ಬೀಳುತ್ತದೆ. ಗುಂಡಿಗೆ ಇಳಿದರೆ ಇನ್ನೂ ಹೆಚ್ಚು. ಅಷ್ಟನ್ನೂ ಒಂದು ಮೂಲೆ ಹೊತ್ತರೆ ಆ ಮೂಲೆ ಕೆಲವೇ ದಿನಗಳಲ್ಲಿ ಜಜ್ಜಿಹೋಗುತ್ತದೆ. ‘ಹಾಕಿದಾಗ ಸರಿಯಾಗಿತ್ತು, ವಾರದಲ್ಲಿ ಜೋತುಬಿತ್ತು’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

## ಹಂತ 6: ಸ್ಟಾಪರ್ ಮುಖವನ್ನು ತಿದ್ದುವುದು

ತಿದ್ದುವುದು ಯಾವಾಗಲೂ ಪೆಗ್ಗನ್ನು, ಬ್ರ್ಯಾಕೆಟ್ಟನ್ನಲ್ಲ. ಪೆಗ್ ಹಾಳಾದರೆ ಇನ್ನೊಂದು ಸಿಗುತ್ತದೆ, ಚೌಕಟ್ಟಿಗೆ ಬೆಸೆದ ಬ್ರ್ಯಾಕೆಟ್ ಹಾಗಲ್ಲ.

ಮುಖದಿಂದ ಲೋಹ ತೆಗೆದರೆ ತುದಿ ಇಳಿಯುತ್ತದೆ, ಮತ್ತು ಊಹಿಸಿದ್ದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಪಿನ್‌ನಿಂದ ತುದಿಗೆ 105 ಮಿ.ಮೀ. ದೂರವಿದ್ದರೆ, ಮುಖದಲ್ಲಿ ಅರ್ಧ ಮಿ.ಮೀ. ಉಜ್ಜಿದಾಗ ತುದಿ ಮೂರೂವರೆ ಮಿ.ಮೀ. ಕೆಳಗೆ ಬರುತ್ತದೆ. ಹಾಗಾಗಿ ಗ್ರೈಂಡರ್ ದೂರವಿಡಿ. ಪೆಗ್ಗನ್ನು ವೈಸ್‌ನಲ್ಲಿ ಬಟ್ಟೆ ಸುತ್ತಿ ಹಿಡಿಸಿ, ಅರವನ್ನು ಮುಖಕ್ಕೆ ಸಪಾಟಾಗಿ ಇಟ್ಟು, ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ತಳ್ಳಿ, ಮತ್ತೆ ಮಸಿ ಬಳಿದು, ಕೂರಿಸಿ ನೋಡಿ. ಮಸಿ ಉಜ್ಜಿಹೋದ ಜಾಗವನ್ನು ಮಾತ್ರ ಅರ ಮುಟ್ಟಬೇಕು. ಐದಾರು ಸುತ್ತುಗಳಲ್ಲಿ ಆ ಚುಕ್ಕೆ ಹರಡುತ್ತಾ ಹೋಗಿ ಮುಖದ ಮುಕ್ಕಾಲು ಭಾಗವನ್ನು ತುಂಬುತ್ತದೆ. ಬೇಸರದ ಕೆಲಸ ನಿಜ, ಆದರೆ ಪೆಗ್ ಎಷ್ಟು ಕಾಲ ನೆಟ್ಟಗಿರುತ್ತದೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಪೆಗ್ ಬಂದಾಗಲೇ ತುದಿ ಕೆಳಗಿದ್ದರೆ ಅರದಿಂದ ಏನೂ ಮಾಡಲಾಗದು, ಅಲ್ಲಿ ಲೋಹ ಸೇರಿಸಬೇಕು. ಉಕ್ಕಿನ ಪೆಗ್ ಆದರೆ ನುರಿತ ವೆಲ್ಡರ್ ಮುಖದ ಮೇಲೆ ತೆಳುವಾಗಿ ಬೆಸುಗೆ ತುಂಬಿಕೊಡಬಹುದು, ಆಮೇಲೆ ಮೇಲಿನಂತೆ ಉಜ್ಜಿ ಹೊಂದಿಸಬೇಕು. ಅಲ್ಯೂಮಿನಿಯಂ ಆದರೆ ಕೊಂಡಲ್ಲಿಗೇ ಹಿಂದಿರುಗಿಸಿ. ತಗಡಿನ ಚೂರು ಸಿಕ್ಕಿಸಿ ಮೇಲೆತ್ತುವ ಉಪಾಯ ತಗಡು ಜಾರಿ ಬೀಳುವವರೆಗೆ ಮಾತ್ರ.

## ಹಂತ 7: ಪೆಗ್‌ನಲ್ಲೇ ಮಾಡುವ ಇತರ ಬದಲಾವಣೆ

ಕೆಸರಿನ ದಾರಿಗೆಂದು ಮಾಡಿದ ಪೆಗ್‌ನ ಚೂಪು ಹಲ್ಲುಗಳು ಮೃದು ಅಟ್ಟೆಯ ಶೂಗಳನ್ನು ಕತ್ತರಿಸುತ್ತವೆ, ಗಾಡಿ ತಳ್ಳುವಾಗ ಮೀನಖಂಡಕ್ಕೂ ಬಡಿಯುತ್ತವೆ. ಹಲ್ಲಿನ ಮೊನೆಯನ್ನು ಅರ್ಧದಿಂದ ಒಂದು ಮಿ.ಮೀ. ಉಜ್ಜಿ ಚಪ್ಪಟೆ ಮಾಡಿದರೆ ಸಾಕು, ಹಿಡಿತ ಅಷ್ಟೇನೂ ಕಡಿಮೆಯಾಗದು. ರಬ್ಬರ್ ತೆಗೆದ ಪೆಗ್‌ನಲ್ಲಿ ಹಿಡಿತ ಹೆಚ್ಚು, ಜೊತೆಗೆ ಎಂಜಿನ್ನಿನ ನಡುಕವೂ ಹೆಚ್ಚು ಎಂಬುದನ್ನು ದೂರದ ಸವಾರಿ ಮಾಡುವವರು ಮೊದಲೇ ಯೋಚಿಸಬೇಕು. ತುದಿಯ ಅಡಿಯಲ್ಲಿರುವ ಉದ್ದನೆಯ ಬೋಲ್ಟ್ ಅಲಂಕಾರಕ್ಕಲ್ಲ. ಗಾಡಿ ಎಷ್ಟು ವಾಲಿದೆ ಎಂದು ನೆಲಕ್ಕೆ ತಗಲಿ ಎಚ್ಚರಿಸುವುದು ಅದೇ. ಗಿಡ್ಡ ಮಾಡಿಸಿಕೊಳ್ಳಬಹುದು, ಪೂರ್ತಿ ಕತ್ತರಿಸಬೇಡಿ.

ಹಳೆಯ ಪೆಗ್ಗನ್ನೇ ಅಗಲ ಮಾಡಿಸುವುದಾದರೆ ಅದು ಉಕ್ಕಿನದಾಗಿರಲೇಬೇಕು. 6061-ಟಿ6 ಅಲ್ಯೂಮಿನಿಯಂಗೆ ಬೆಸುಗೆ ಹಾಕಿದಾಗ ಅದರ ಶಾಖಕ್ಕೆ ಸುತ್ತಲಿನ ಲೋಹ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ; 7075 ಅಂತೂ ಸಾಮಾನ್ಯ ಬೆಸುಗೆಗೆ ಒಗ್ಗುವುದೇ ಇಲ್ಲ. ಪೆಗ್ಗನ್ನು ಗಾಡಿಯಿಂದ ಬಿಚ್ಚಿ ತಂದೇ ಬೆಸೆಯಬೇಕು. ಸತುವಿನ ಲೇಪ ಅಥವಾ ಕ್ರೋಮ್ ಇರುವಲ್ಲಿ ಬೆಸುಗೆ ಹಾಕಿದರೆ ಏಳುವ ಹೊಗೆ ವಿಷಕಾರಿ, ಹಾಗಾಗಿ ಲೇಪವನ್ನು ಮೊದಲೇ ಪೂರ್ತಿ ಉಜ್ಜಿ ತೆಗೆಯಿರಿ, ಕೆಲಸವನ್ನು ಬಯಲಿನಲ್ಲಿ ಮಾಡಿ. ಪಿನ್ ರಂಧ್ರದ ಹತ್ತಿರ ಬೆಸುಗೆ ಬೇಡ, ಶಾಖಕ್ಕೆ ರಂಧ್ರದ ಆಕಾರ ಕೆಡುತ್ತದೆ. ಮತ್ತು ಎಂಥ ಮಾರ್ಪಾಡಿನ ನಂತರವೂ ಪೆಗ್ ಮಡಚಿಕೊಳ್ಳಲೇಬೇಕು. ಅಲುಗಾಡುತ್ತದೆಂದು ಅದನ್ನು ಬೆಸೆದು ಬಿಗಿಮಾಡಿದ ಗಾಡಿಯಲ್ಲಿ ತಿರುವಿನಲ್ಲಿ ನೆಲ ತಗಲಿದರೆ ಹಿಂದಿನ ಚಕ್ರ ನೆಲ ಬಿಟ್ಟೇಳುತ್ತದೆ.

## ಹಂತ 8: ಸ್ಪ್ರಿಂಗ್ ಮತ್ತು ಪಿನ್ ಹಾಕುವುದು

ಪಿನ್, ರಂಧ್ರ, ಕಿವಿಗಳ ಒಳಬದಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಉಕ್ಕಿನ ಪಿನ್ ಅಲ್ಯೂಮಿನಿಯಂ ಒಳಗೆ ಕೂರುವಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ನೀರು ಸೇರಿದರೆ ಈ ಎರಡು ಲೋಹಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಸ್ಟಾಪರ್ ಮುಖಕ್ಕೆ ಮಾತ್ರ ಗ್ರೀಸ್ ಬೇಡ, ಅಲ್ಲಿ ಮರಳು ಅಂಟಿ ಮುಖ ಸವೆಯುತ್ತದೆ.

ಸ್ಪ್ರಿಂಗ್‌ಗಳಲ್ಲಿ ಎಡ ಬಲ ಬೇರೆ. ಸುರುಳಿ ಬಿಗಿಯುವ ದಿಕ್ಕಿನಲ್ಲಿ ಕೆಲಸ ಮಾಡಬೇಕು, ಬಿಚ್ಚಿಕೊಳ್ಳುವ ದಿಕ್ಕಿನಲ್ಲಿ ಅಲ್ಲ. ಈಗ ಮೊದಲೇ ಮಾಡಿಟ್ಟ ಕಡ್ಡಿ ತೆಗೆದುಕೊಳ್ಳಿ. ಮೇಜಿನ ಮೇಲೆಯೇ ಸ್ಪ್ರಿಂಗನ್ನು ಪೆಗ್‌ನ ನಾಲಗೆಯೊಳಗೆ ಇಟ್ಟು ಕಡ್ಡಿಯನ್ನು ತೂರಿಸಿದರೆ ಎರಡೂ ಒಟ್ಟಾಗಿ ನಿಲ್ಲುತ್ತವೆ. ಸ್ಪ್ರಿಂಗ್‌ನ ಎರಡು ಕಾಲುಗಳನ್ನು ಇಕ್ಕಳದಿಂದ ಹತ್ತಿರ ತಂದು ಕೇಬಲ್ ಟೈ ಬಿಗಿದರೆ ಇನ್ನೂ ಅನುಕೂಲ. ಇದನ್ನು ಹಾಗೆಯೇ ಕಿವಿಗಳ ನಡುವೆ ತಂದು, ಮೇಲಿನಿಂದ ನಿಜವಾದ ಪಿನ್ ತಳ್ಳುತ್ತಾ ಹೋಗಿ. ಪಿನ್ ಒಳಗೆ ಬಂದಂತೆ ಕಡ್ಡಿ ಕೆಳಗಿನಿಂದ ಹೊರಬೀಳುತ್ತದೆ. ಆಮೇಲೆ ಕೇಬಲ್ ಟೈ ಕತ್ತರಿಸಿ. ಸ್ಕ್ರೂಡ್ರೈವರ್‌ನಿಂದ ಸ್ಪ್ರಿಂಗ್ ಮೀಟಿ ಮೀಟಿ ಕೈ ಗಾಯ ಮಾಡಿಕೊಳ್ಳುವವರಿಗೆ ಈ ಕಡ್ಡಿ ದೊಡ್ಡ ಉಪಕಾರಿ.

ಪಿನ್ ನೆಟ್ಟಗೆ ಅಥವಾ ಓರೆಯಾಗಿ ಕೂರುವ ಗಾಡಿಗಳಲ್ಲಿ ಅದರ ತಲೆ ಮೇಲಿರಲಿ. ಹಾಗಿದ್ದಲ್ಲಿ ಸ್ಪ್ಲಿಟ್ ಪಿನ್ ಮುರಿದರೂ ಪಿನ್ ತಕ್ಷಣ ಜಾರಿ ಬೀಳುವುದಿಲ್ಲ. ವಾಷರ್ ಹಾಕಿ, ಹೊಸ ಸ್ಪ್ಲಿಟ್ ಪಿನ್ ತೂರಿಸಿ, ಕಾಲುಗಳನ್ನು ಪಿನ್ನಿಗೆ ಸುತ್ತಿಕೊಳ್ಳುವಂತೆ ಬಗ್ಗಿಸಿ. ಚೂಪು ತುದಿ ಬೂಟಿನ ಲಾಡಿಗೆ ಸಿಗುವಂತಿರಬಾರದು.

ಸ್ಪ್ರಿಂಗ್‌ನ ಕಾಲು ಸ್ಟಾಪರ್ ಮುಖಗಳ ನಡುವೆ ಸಿಕ್ಕಿಕೊಂಡಿಲ್ಲವೆಂದು ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಸಿಕ್ಕಿಕೊಂಡಿದ್ದರೆ ಪೆಗ್ ಮೊದಲು ಎತ್ತರವಾಗಿ, ನೋಡಲು ಚೆಂದವಾಗಿಯೇ ನಿಲ್ಲುತ್ತದೆ. ಸವಾರಿಯಲ್ಲಿ ತಂತಿ ಜಜ್ಜಿ ತುಂಡಾದಾಗ ಒಮ್ಮೆಗೇ ಕುಸಿಯುತ್ತದೆ.

## ಹಂತ 9: ಬ್ರೇಕ್ ಪೆಡಲ್

ಪೆಗ್‌ನ ಮೇಲ್ಮೈ ಐದು ಮಿ.ಮೀ. ಬದಲಾದರೂ ಪೆಡಲ್ ನೋಡಲೇಬೇಕು. ಬೂಟು ಹಾಕಿ ಕುಳಿತಾಗ ಪಾದ ಪೆಡಲ್‌ನ ಮೇಲೆ ತಗಲದಂತೆ ಇದ್ದು, ಹಿಮ್ಮಡಿ ಎತ್ತದೆಯೇ ಒತ್ತಲು ಬರಬೇಕು. ನಿಂತು ಸವಾರಿ ಮಾಡುವವರು ನಿಂತೂ ಪರೀಕ್ಷಿಸಬೇಕು.

ಡಿಸ್ಕ್ ಬ್ರೇಕ್ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್‌ಗೆ (ಪಿಸ್ಟನ್ನಿನಿಂದ ಬ್ರೇಕ್ ದ್ರವವನ್ನು ಒತ್ತುವ ಭಾಗ) ಹೋಗುವ ತಳ್ಳುಕಡ್ಡಿಯ ಲಾಕ್‌ನಟ್ ಸಡಿಲಿಸಿ, ಕಡ್ಡಿಯನ್ನು ಅರ್ಧರ್ಧ ಸುತ್ತು ತಿರುಗಿಸಿ ಪೆಡಲ್‌ನ ಎತ್ತರ ಬದಲಿಸುತ್ತಾರೆ. ಪೆಡಲ್‌ಗೆ ಬೇರೆಯೇ ತಡೆಬೋಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಹೊಂದಿಸಬೇಕು. ಅಪಾಯವಿರುವುದು ಇಲ್ಲಿಯೇ. ಕಾಲು ತೆಗೆದ ಮೇಲೂ ತಳ್ಳುಕಡ್ಡಿ ಪಿಸ್ಟನ್ನನ್ನು ತುಸುವೇ ಒತ್ತಿ ಹಿಡಿದರೆ, ಕಾದು ಹಿಗ್ಗಿದ ಬ್ರೇಕ್ ದ್ರವ ಟ್ಯಾಂಕಿಗೆ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ. ದ್ರವ ಹಿಗ್ಗಿದಷ್ಟೂ ಪ್ಯಾಡ್‌ಗಳು ಡಿಸ್ಕನ್ನು ಒತ್ತುತ್ತವೆ, ಒತ್ತಿದಷ್ಟೂ ಕಾವು ಏರುತ್ತದೆ, ಕೊನೆಗೆ ಓಡುತ್ತಿರುವಾಗಲೇ ಚಕ್ರ ಬಿಗಿಯಬಹುದು. ಹಾಗಾಗಿ ಕಡ್ಡಿಯಲ್ಲಿ ಕೈಗೆ ಗೊತ್ತಾಗುವಷ್ಟು ಸಡಿಲ ಉಳಿದಿರಬೇಕು. ಲಾಕ್‌ನಟ್ ಬಿಗಿಯುವಾಗ ಕಡ್ಡಿಯೂ ತಿರುಗಿ ಈ ಅಂತರ ಹೋಗುವುದರಿಂದ ಬಿಗಿದ ಮೇಲೆ ಇನ್ನೊಮ್ಮೆ ನೋಡಿ.

ಡ್ರಮ್ ಬ್ರೇಕ್ ಆದರೆ ಎತ್ತರವನ್ನು ತಡೆಬೋಲ್ಟ್‌ನಿಂದ ಮೊದಲು ಹೊಂದಿಸಿ, ನಂತರ ಚಕ್ರದ ಬಳಿಯ ನಟ್‌ನಿಂದ ಪೆಡಲ್‌ನ ಸಡಿಲವನ್ನು ಕೈಪಿಡಿಯ ಪ್ರಕಾರ ತನ್ನಿ. ಬಹಳಷ್ಟು ಗಾಡಿಗಳಲ್ಲಿ ಇದು 20ರಿಂದ 30 ಮಿ.ಮೀ. ಇರುತ್ತದೆ. ಕ್ರಮ ತಿರುಗಿಸಿದರೆ ಎರಡು ಸಲ ಕೆಲಸ.

ಪೆಡಲ್ ಸರಿದಾಗ ಹಿಂದಿನ ಬ್ರೇಕ್ ದೀಪದ ಸ್ವಿಚ್ ಕೂಡ ತಪ್ಪುತ್ತದೆ. ದೀಪ ಸದಾ ಉರಿಯುತ್ತಿದ್ದರೆ ಹಿಂದೆ ಬರುವವರಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ತಿಳಿಯುವುದೇ ಇಲ್ಲ. ಸ್ವಿಚ್‌ನ ಮೈಯನ್ನು ಅಲುಗದಂತೆ ಹಿಡಿದು ಅದರ ಪ್ಲಾಸ್ಟಿಕ್ ನಟ್ ಮಾತ್ರ ತಿರುಗಿಸಿ. ಮೈ ತಿರುಗಿದರೆ ವೈರ್ ಹುರಿಗೊಂಡು ಕಿತ್ತುಬರುತ್ತದೆ. ಬ್ರೇಕ್ ಹಿಡಿಯುವ ತುಸು ಮೊದಲು ದೀಪ ಹೊತ್ತಬೇಕು.

## ಹಂತ 10: ಗೇರ್ ಲಿವರ್

ಲಿವರ್ ನೇರವಾಗಿ ಎಂಜಿನ್ನಿನಿಂದ ಹೊರಬಂದ ಗೇರ್ ಶಾಫ್ಟ್‌ನ ಹಲ್ಲುಗಳ ಮೇಲೆ ಕೂರುವ ಗಾಡಿಗಳಲ್ಲಿ ಈಗಿನ ಸ್ಥಾನಕ್ಕೆ ಮಾರ್ಕರ್ ಗೆರೆ ಎಳೆದು, ಬಿಗಿಯುವ ಬೋಲ್ಟನ್ನು ಸಡಿಲಿಸುವುದಷ್ಟೇ ಅಲ್ಲ, ಪೂರ್ತಿ ಹೊರತೆಗೆಯಿರಿ. ಅನೇಕ ಗಾಡಿಗಳಲ್ಲಿ ಅದು ಶಾಫ್ಟ್‌ನ ತೋಡಿನ ಮೂಲಕ ಹಾದಿರುವುದರಿಂದ ಬೋಲ್ಟ್ ಇದ್ದಂತೆ ಎಳೆದರೆ ಲಿವರ್ ಬರುವುದಿಲ್ಲ. ಒಂದು ಹಲ್ಲು ಸರಿಸಿದರೆ ತುದಿ ಒಂದು ಸೆಂಟಿಮೀಟರ್‌ಗೂ ಹೆಚ್ಚು ಏರಿಳಿಯುತ್ತದೆ, ಅದಕ್ಕಿಂತ ಸೂಕ್ಷ್ಮ ಹೊಂದಾಣಿಕೆ ಇಲ್ಲಿ ಸಾಧ್ಯವಿಲ್ಲ. ಲಿವರ್ ಕೆಳಗೆ ಹೋದಂತೆ ಎಂಜಿನ್ ಕವಚಕ್ಕೆ ಅಥವಾ ಸೈಡ್ ಸ್ಟ್ಯಾಂಡ್‌ಗೆ ತಗಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಲಿವರ್‌ಗೂ ಶಾಫ್ಟ್‌ಗೂ ನಡುವೆ ಜೋಡುಕಡ್ಡಿ ಇರುವ ಗಾಡಿಗಳಲ್ಲಿ ಕೆಲಸ ಸುಲಭ. ಎರಡೂ ತುದಿಯ ಲಾಕ್‌ನಟ್ ಸಡಿಲಿಸಿ ಕಡ್ಡಿ ತಿರುಗಿಸಿದರಾಯಿತು. ಒಂದು ತುದಿಯದು ಸಾಮಾನ್ಯವಾಗಿ ಎಡ ಥ್ರೆಡ್, ಅಂದರೆ ಉಲ್ಟಾ ದಿಕ್ಕಿಗೆ ಬಿಗಿಯುವಂಥದು. ಬಿಚ್ಚುತ್ತಿದ್ದೇನೆಂದುಕೊಂಡು ಅದನ್ನು ಬಿಗಿಯುತ್ತಾ ಹೋಗುವವರು ಕಡಿಮೆಯಿಲ್ಲ. ಎರಡೂ ತುದಿಯಲ್ಲಿ ಥ್ರೆಡ್ ಸಮನಾಗಿ ಒಳಗಿರಲಿ. ಕಡ್ಡಿಗೂ ಶಾಫ್ಟ್‌ನ ತೋಳಿಗೂ ನಡುವಿನ ಕೋನ 90 ಡಿಗ್ರಿಗೆ ಹತ್ತಿರವಿದ್ದಷ್ಟು ಗೇರ್ ಹಗುರಾಗಿ ಬೀಳುತ್ತದೆ.

ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತಾ ಎಲ್ಲ ಗೇರ್‌ಗಳನ್ನೂ ಏರಿಸಿ ಇಳಿಸಿ. ಲಿವರ್ ಪ್ರತಿ ಸಲವೂ ತನ್ನ ನಡುಸ್ಥಾನಕ್ಕೆ ಮರಳಬೇಕು.

## ಹಂತ 11: ಭಾರ ಹಾಕಿ ನೋಡುವುದು

ಎರಡೂ ಬದಿ ಮುಗಿದ ಮೇಲೆ ಪೆಗ್‌ಗಳನ್ನು ಮಡಚಿ ಬಿಡಿ, ಟಕ್ಕೆಂದು ಹಿಂದಿರುಗಬೇಕು. ಇನ್ನೊಬ್ಬರು ಗಾಡಿ ಹಿಡಿದಿರುವಾಗ ಎರಡೂ ಪೆಗ್ ಮೇಲೆ ಪೂರ್ತಿ ನಿಂತು, ಮಂಡಿ ಬಗ್ಗಿಸಿ ಕುಕ್ಕಿ. ನಂತರ ಇಳಿದು ಕೋನವನ್ನು ಮತ್ತೆ ನೋಡಿ. ಬದಲಾಗಿದ್ದರೆ ಮುಖ ಸರಿಯಾಗಿ ಆನಿಕೊಂಡಿಲ್ಲ, ಐದನೆಯ ಹಂತಕ್ಕೆ ಹಿಂದಿರುಗಿ.

ಮೊದಲ ಸವಾರಿ ವಾಹನ ದಟ್ಟಣೆ ಇಲ್ಲದ ಜಾಗದಲ್ಲಿ, ನಿಧಾನವಾಗಿ, ನಾಲ್ಕೈದು ಕಿ.ಮೀ. ಸಾಕು. ಹಿಂದಿನ ಬ್ರೇಕನ್ನು ಮಾಮೂಲಿಯಂತೆ ಬಳಸಿ. ನಿಲ್ಲಿಸಿದ ತಕ್ಷಣ, ಬ್ರೇಕ್ ಬಿಸಿಯಿರುವಾಗಲೇ ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡಿ. ತಣ್ಣಗಿದ್ದಾಗ ಸಲೀಸಾಗಿ ತಿರುಗಿದ ಚಕ್ರ ಈಗ ಬಿಗಿಯಾಗಿದ್ದರೆ ತಳ್ಳುಕಡ್ಡಿಯಲ್ಲಿ ಸಡಿಲವಿಲ್ಲ ಎಂದರ್ಥ, ಮತ್ತು ಅದನ್ನು ಸರಿಪಡಿಸದೆ ಗಾಡಿ ಮುಂದೆ ಹೋಗಬಾರದು. ಡಿಸ್ಕನ್ನು ಬೆರಳಿಂದ ಮುಟ್ಟಬೇಡಿ.

## ನಂತರದ ತಪಾಸಣೆ ಮತ್ತು ಎಚ್ಚರಿಕೆಯ ಗುರುತುಗಳು

50 ಕಿ.ಮೀ. ಆದ ಮೇಲೆ ಬ್ರ್ಯಾಕೆಟ್ ಬೋಲ್ಟ್‌ಗಳನ್ನು ನೋಡಿ. ಬಿಗಿದಾಗಲೇ ತಲೆಯಿಂದ ಬ್ರ್ಯಾಕೆಟ್‌ಗೆ ಮಾರ್ಕರ್ ಗೆರೆ ಎಳೆದಿಟ್ಟಿದ್ದರೆ ಕಣ್ಣಳತೆಯೇ ಸಾಕು. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಅದನ್ನು ಸುಮ್ಮನೆ ಬಿಗಿಯದೆ ಹೊರತೆಗೆದು, ಶುಚಿಮಾಡಿ, ಹೊಸದಾಗಿ ಥ್ರೆಡ್‌ಲಾಕರ್ ಹಾಕಿ ಕೂರಿಸಿ. ಬ್ರ್ಯಾಕೆಟ್ ಮತ್ತು ಚೌಕಟ್ಟು ಸೇರುವ ಅಂಚಿನಲ್ಲಿ ಕೆಂಪು ಹುಡಿ ಕಂಡರೆ ಅಲ್ಲಿ ಕಣ್ಣಿಗೆ ಕಾಣದ ಅಲುಗಾಟವಿದೆ. ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಬಿರುಕೆಂದೇ ಭಾವಿಸಿ, ಲೋಹ ಕಾಣುವಂತೆ ಒರೆಸಿ ಪರೀಕ್ಷಿಸುವವರೆಗೆ ಆ ಪೆಗ್ ಮೇಲೆ ನಿಲ್ಲಬೇಡಿ.

ನಿಂತಾಗ ಟಿಕ್ ಎಂಬ ಶಬ್ದ, ಪಿನ್ ಸುತ್ತ ಹೊರಬರುವ ಕಪ್ಪು ಗ್ರೀಸ್‌ನಲ್ಲಿ ಹೊಳೆಯುವ ಪುಡಿ, ಗೇರ್ ಏರಿಸುವಾಗ ಆಗಾಗ ನಡುವೆ ಸಿಕ್ಕಿಬೀಳುವುದು, ಇಳಿಯುವಾಗ ಪ್ಯಾಂಟಿನ ಅಂಚು ಪೆಗ್‌ಗೆ ಸಿಗುವುದು: ಇವೆಲ್ಲ ನೋಡಬೇಕಾದ ಗುರುತುಗಳೇ. ಕೊನೆಯದನ್ನು ಜನ ನಕ್ಕು ಬಿಡುತ್ತಾರೆ, ಆದರೆ ನಿಂತ ಗಾಡಿ ಹಾಗೆಯೂ ಬೀಳಬಹುದು.

ಕೆಸರಿನಲ್ಲಿ ಓಡಿಸಿದ ದಿನ ಸ್ಟಾಪರ್ ಮುಖಗಳ ನಡುವೆ ಗಟ್ಟಿಯಾದ ಮಣ್ಣನ್ನು ನೀರು ಬಿಟ್ಟು ತೊಳೆಯಿರಿ. ಪ್ರತಿ ಸರ್ವಿಸ್‌ನಲ್ಲೂ ಪಿನ್ ಹೊರತೆಗೆದು, ಅಳೆದು, ಹೊಸ ಗ್ರೀಸ್ ಮತ್ತು ಹೊಸ ಸ್ಪ್ಲಿಟ್ ಪಿನ್ ಹಾಕಿ. ಬಿಚ್ಚಿಟ್ಟ ಮೂಲ ಪೆಗ್, ಪಿನ್, ಸ್ಪ್ರಿಂಗ್‌ಗಳನ್ನು ಎಡ ಬಲ ಎಂದು ಬರೆದ ಬೇರೆ ಬೇರೆ ಚೀಲಗಳಲ್ಲಿ, ಹಂತ 1ರಲ್ಲಿ ಬರೆದುಕೊಂಡ ಅಳತೆಯ ಚೀಟಿಯ ಸಮೇತ ಇಟ್ಟಿರಿ.